ಮಗುವಿನ ರಾಡಿಯನ್ನು ನಗುತ್ತ ನೋಡುವುದು ಹೇಗೆ? ನಕ್ಕರೆ ಅಭ್ಯಾಸ ಕೆಡುತ್ತದೆಯೇ?

ಪ್ರಶ್ನೆ: ಹಸಿಮಣ್ಣು, ಸಾಗರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮದು ಅಡಿಕೆ ತೋಟ, ಕೊಟ್ಟಿಗೆ, ಅತ್ತೆ, ಮಾವ ಎಲ್ಲರೂ ಇರುವ ಹಳ್ಳಿಯ ಮನೆ. ಮಗಳಿಗೆ ಈಗ ಎರಡೂವರೆ ವರ್ಷ. ಆರೋಗ್ಯವಾಗಿದ್ದಾಳೆ, ಮಾತು ಚೆನ್ನಾಗಿ ಬಂದಿದೆ, ಊಟಕ್ಕೂ ತಕರಾರಿಲ್ಲ. ಆದರೆ ಅವಳು ಮುಟ್ಟಿದ್ದೆಲ್ಲ ರಾಡಿಯಾಗುತ್ತದೆ. ದೋಸೆಗೆ ಜೋನಿ ಬೆಲ್ಲ ಹಾಕಿಕೊಟ್ಟರೆ ಮೊದಲು ಬೆರಳಿಗೆ, ಆಮೇಲೆ ಮೊಣಕೈಗೆ, ಕೊನೆಗೆ ತಲೆಗೂದಲಿಗೆ ಹತ್ತಿಸಿಕೊಳ್ಳುತ್ತಾಳೆ. ಅದೇ ಕೈಯಲ್ಲಿ ಜಗಲಿಯ ಕಂಬಗಳನ್ನೆಲ್ಲ ತಬ್ಬಿಕೊಂಡು ಬರುವುದರಿಂದ, ಇರುವೆಗಳ ಸಾಲನ್ನು ಹಿಂಬಾಲಿಸಿದರೆ ಸಾಕು, ಬೆಳಿಗ್ಗೆಯಿಂದ ಅವಳು ಎಲ್ಲೆಲ್ಲಿ ಓಡಾಡಿದ್ದಾಳೆಂದು ತಿಳಿಯುತ್ತದೆ. ಮೊನ್ನೆ ಮಾವನವರ ಚಪ್ಪಲಿಗಳನ್ನು ಕಲಗಚ್ಚಿನ ಬಾಲ್ದಿಯೊಳಗೆ ಹಾಕಿ ಕೋಲಿನಿಂದ ತಿರುವುತ್ತಿದ್ದಳು. ಏನು ಮಾಡುತ್ತಿದ್ದೀಯೆ ಎಂದರೆ "ಗೌರಿಗೆ ಸಾಂಬಾರು" ಎಂದಳು. ಗೌರಿ ನಮ್ಮ ಹಸು. ಮೂಗು ಸೋರಿದರೆ ಅವಳಿಗೆ ನನ್ನ ಸೆರಗೇ ಬೇಕು; ಒರೆಸಿಕೊಂಡ ಮೇಲೆ ಆ ಜಾಗವನ್ನು ಮಡಚಿ, ಮೇಲಿನಿಂದ ಎರಡು ಸಲ ತಟ್ಟಿ, ಸರಿಮಾಡಿಯೇ ಹೋಗುತ್ತಾಳೆ.

ನನ್ನ ಗಂಡ ಮತ್ತು ಮಾವನವರು ಇದನ್ನೆಲ್ಲ ನೋಡಿ ಹೊಟ್ಟೆ ಹುಣ್ಣಾಗುವಂತೆ ನಗುತ್ತಾರೆ. ನಕ್ಕು ನಕ್ಕೇ ಮಗುವನ್ನು ಕೆಡಿಸುತ್ತೀರಿ ಎಂದು ಅತ್ತೆಯವರು ಹೇಳುತ್ತಾರೆ. ನನಗೆ ಇಬ್ಬರ ಮಾತೂ ಒಪ್ಪಿಗೆಯೇ, ಆದರೆ ಬಟ್ಟೆ ಒಗೆಯುವವಳು ನಾನು. ಈ ಆಷಾಢದ ಮಳೆಯಲ್ಲಿ ಒಗೆದದ್ದು ಒಣಗುವುದಿಲ್ಲ. ಬಚ್ಚಲ ಒಲೆಯ ಮೇಲಿನ ಹಗ್ಗಕ್ಕೆ ಹಾಕಿದರೆ ಒಣಗುತ್ತದೆ, ಹೊಗೆಯ ವಾಸನೆ ಉಳಿಯುತ್ತದೆ. ರಾತ್ರಿ ಮಗು ಮಲಗಿದ ಮೇಲೆ ತಂಗಿಗೆ ಫೋನಿನಲ್ಲಿ ಹೇಳುವಾಗ ನನಗೂ ನಗು ಬರುತ್ತದೆ. ರಾಡಿಯ ಎದುರು ನಿಂತಿರುವಾಗ ಮಾತ್ರ ಬರುವುದಿಲ್ಲ. ಆ ನಗುವನ್ನು ಆ ಹೊತ್ತಿಗೇ ತಂದುಕೊಳ್ಳಲು ಸಾಧ್ಯವೇ? ನಗುವುದರಿಂದ ಮಗುವಿನ ಅಭ್ಯಾಸ ನಿಜವಾಗಿಯೂ ಕೆಡುತ್ತದೆಯೇ? ಅನುಭವವಿದ್ದವರು ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ಅಂಗನವಾಡಿ ಅಕ್ಕ, ತೀರ್ಥಹಳ್ಳಿ ಕಡೆ

ಸೆರಗನ್ನು ಮಡಚಿ ತಟ್ಟುತ್ತಾಳೆ ಎಂಬುದನ್ನು ಗಮನಿಸಿ ಬರೆದಿದ್ದೀರಲ್ಲ, ಅಷ್ಟು ನೋಡಬಲ್ಲವರಿಗೆ ನಗು ದೂರವಿಲ್ಲ. ಮಕ್ಕಳು ರಾಡಿ ಮಾಡುವಾಗ ನಮಗೆ ನಗು ಬರುವುದು ಅವರ ಮುಖದಲ್ಲಿರುವ ಗಾಂಭೀರ್ಯದಿಂದ. ನಮ್ಮ ಕೇಂದ್ರಕ್ಕೆ ಬರುವ ಒಬ್ಬ ಹುಡುಗ ಊಟಕ್ಕೆ ಮೊದಲು ಕೈ ತೊಳೆಯುತ್ತಾನೆ. ಕೈಯ ಮಣ್ಣು ಸೋಪಿಗೆ ಹತ್ತಿರುವುದನ್ನು ಕಂಡು ಸೋಪನ್ನೂ ತೊಳೆಯಲು ಶುರುಮಾಡುತ್ತಾನೆ. ತೊಳೆದಷ್ಟೂ ನೊರೆ ಬರುತ್ತದೆ, ನೊರೆ ನಿಲ್ಲುವ ತನಕ ತೊಳೆಯದೆ ಬಿಡುವವನು ಅವನಲ್ಲ. ಅಂಗಿ, ಚಡ್ಡಿ, ನೆಲ, ಪಕ್ಕದಲ್ಲಿ ನಿಂತವರ ಕಾಲು ಎಲ್ಲವೂ ನೆನೆದಿರುತ್ತವೆ. ಅವನು ಮಾತ್ರ ಹುಬ್ಬು ಗಂಟಿಕ್ಕಿಕೊಂಡು, ಇಷ್ಟು ಕೊಳೆಯಾದ ಸೋಪನ್ನು ತಂದಿಟ್ಟವರು ಯಾರು ಎಂಬಂತೆ ನನ್ನತ್ತ ನೋಡುತ್ತಾನೆ. ಅವನ ಲೆಕ್ಕದಲ್ಲಿ ಅದು ಸ್ವಚ್ಛತೆಯ ಕೆಲಸ. ನಾನು ಒದ್ದೆ ನೆಲವನ್ನು ನೋಡುವ ಮೊದಲು ಆ ಹುಬ್ಬನ್ನು ನೋಡುತ್ತೇನೆ, ಕೋಪ ಬರುವುದಕ್ಕೆ ಮೊದಲೇ ನಗು ಬಂದುಬಿಡುತ್ತದೆ.

ಮಕ್ಕಳ ಈ ಗಾಂಭೀರ್ಯಕ್ಕೆ ಕಾರಣವಿದೆ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜಾನ್ ಪಿಯಾಜೆ ತನ್ನ ಮೂವರು ಮಕ್ಕಳನ್ನು ಹುಟ್ಟಿದಂದಿನಿಂದ ಕೂತು ಗಮನಿಸಿ, ಅವರು ಮಾಡಿದ್ದನ್ನೆಲ್ಲ ಬರೆದಿಟ್ಟವನು. ಮಗು ಕೈಯಲ್ಲಿದ್ದ ವಸ್ತುವನ್ನು ಬೇರೆ ಬೇರೆ ಎತ್ತರದಿಂದ, ಬೇರೆ ಬೇರೆ ದಿಕ್ಕಿಗೆ ಬೀಳಿಸಿ ಏನಾಗುತ್ತದೆಂದು ನೋಡುವುದನ್ನು ಅವನು ಪ್ರಯೋಗವೆಂದೇ ಪರಿಗಣಿಸಿದ. ಒಂದು ವರ್ಷದಿಂದ ಒಂದೂವರೆ ವರ್ಷದ ನಡುವೆ ಈ ಹುಚ್ಚು ಹೆಚ್ಚು. ಎರಡು ದಾಟಿದ ಮೇಲೆ ಅದಕ್ಕೆ ನಟನೆ ಸೇರಿಕೊಳ್ಳುತ್ತದೆ, ಚಪ್ಪಲಿ ತರಕಾರಿಯಾಗುತ್ತದೆ, ಕಲಗಚ್ಚು ಸಾಂಬಾರಾಗುತ್ತದೆ. ನಿಮ್ಮ ಮಗಳು ಅಡುಗೆಮನೆಯಲ್ಲಿ ನೀವು ಮಾಡುವುದನ್ನು ನೋಡಿ ಅದನ್ನೇ ಮಾಡಿದ್ದಾಳೆ. ಅದೂ ಹಸುವಿನ ಹೊಟ್ಟೆಯ ಯೋಚನೆ ಇಟ್ಟುಕೊಂಡು ಮಾಡಿದ್ದಾಳೆ ಎಂಬುದನ್ನು ಮರೆಯಬೇಡಿ. ಜೋನಿ ಬೆಲ್ಲದ ವಿಷಯದಲ್ಲಿ ಅವಳದೇನೂ ತಪ್ಪಿಲ್ಲ. ಒಂದೂವರೆ ವರ್ಷದ ಹೊತ್ತಿಗೆ ಮಕ್ಕಳಿಗೆ ಚಮಚ ಹಿಡಿಯಲು ಬರುತ್ತದೆ, ಆದರೆ ಬಾಯಿಯ ಹತ್ತಿರ ಬಂದಾಗ ಮಣಿಕಟ್ಟನ್ನು ತಿರುಗಿಸಿ ಮಟ್ಟಸವಾಗಿ ಇಟ್ಟುಕೊಳ್ಳುವ ಹಿಡಿತ ನಿಧಾನವಾಗಿ ಬರುವಂಥದ್ದು. ಕೈ ಎತ್ತಿದ ಕೂಡಲೇ ಬೆಲ್ಲ ಮೊಣಕೈ ಕಡೆಗೆ ಇಳಿಯುತ್ತದೆ. ಮೊಣಕೈಯನ್ನು ನೆಕ್ಕಲು ಹೋದರೆ ನಾಲಿಗೆ ಮುಟ್ಟುವುದಿಲ್ಲ. ಆ ಪ್ರಯತ್ನವನ್ನು ನೀವು ಒಮ್ಮೆ ಎದುರಿಗೆ ಕುಳಿತು ಪೂರ್ತಿಯಾಗಿ ನೋಡಬೇಕು.

ನಿಮ್ಮ ಮೊದಲ ಪ್ರಶ್ನೆಗೆ ನನ್ನ ಸಲಹೆ ಇಷ್ಟೇ: ಬಟ್ಟೆಯನ್ನು ನೋಡುವ ಮೊದಲು ಮುಖವನ್ನು ನೋಡಿ, "ಏನು ಮಾಡುತ್ತಿದ್ದೀಯೆ" ಎಂದು ಉತ್ತರ ಬೇಕೆಂದೇ ಕೇಳಿ. "ಗೌರಿಗೆ ಸಾಂಬಾರು" ಎಂಬ ಮಾತು ನಿಮಗೆ ಸಿಕ್ಕಿದ್ದು ಕೇಳಿದ್ದರಿಂದಲೇ ಅಲ್ಲವೇ? ಗದರಿದ್ದರೆ ಚಪ್ಪಲಿ ಒದ್ದೆಯಾಗುವುದು ತಪ್ಪುತ್ತಿರಲಿಲ್ಲ, ಆ ಮಾತೊಂದು ತಪ್ಪಿಹೋಗುತ್ತಿತ್ತು.

ನಗುವಿನಲ್ಲಿ ಒಂದು ಎಚ್ಚರ ಬೇಕು. ಮಗುವಿಗೆ ತಿಳಿಯದಂತೆ ಮೂಗಿನ ಮೇಲೆ ಒಂದು ಚುಕ್ಕೆ ಬಣ್ಣ ಹಚ್ಚಿ ಕನ್ನಡಿಯ ಮುಂದೆ ಕೂರಿಸುವ ಒಂದು ಪರೀಕ್ಷೆಯಿದೆ. ತೀರಾ ಚಿಕ್ಕ ಮಕ್ಕಳು ಕನ್ನಡಿಯೊಳಗಿನ ಮಗುವನ್ನು ಮುಟ್ಟಲು ಹೋಗುತ್ತಾರೆ. 18ರಿಂದ 24 ತಿಂಗಳ ಹೊತ್ತಿಗೆ ಹೆಚ್ಚಿನವರು ತಮ್ಮ ಮೂಗನ್ನೇ ಮುಟ್ಟಿಕೊಳ್ಳುತ್ತಾರೆ. ನಾಚಿಕೆ, ಮುಜುಗರ ಕಾಣಿಸಿಕೊಳ್ಳುವುದೂ ಸರಿಸುಮಾರು ಆ ವಯಸ್ಸಿನಲ್ಲಿಯೇ. ಎರಡೂವರೆ ವರ್ಷದ ಮಗುವಿಗೆ, ಎಲ್ಲರೂ ತನ್ನೊಡನೆ ನಗುತ್ತಿದ್ದಾರೆಯೇ, ತನ್ನನ್ನು ನೋಡಿ ನಗುತ್ತಿದ್ದಾರೆಯೇ ಎಂಬ ವ್ಯತ್ಯಾಸ ತಿಳಿಯುತ್ತದೆ. ಅವಳು ಮುಖ ಮುಚ್ಚಿಕೊಂಡರೆ, ನಿಮ್ಮ ಹಿಂದೆ ಅಡಗಿದರೆ, ಆ ಕ್ಷಣವೇ ಎಲ್ಲರೂ ನಗುವನ್ನು ನಿಲ್ಲಿಸಬೇಕು. ಅವಳೂ ಕೇಕೆ ಹಾಕಿ ನಗುತ್ತಿದ್ದರೆ ಯಾವ ತೊಂದರೆಯೂ ಇಲ್ಲ.

ಉತ್ತರ: ತುಂಗಾ ದಂಡೆ, ಶಿವಮೊಗ್ಗ

ಅಕ್ಕನವರು ಬರೆದಿದ್ದು ಸರಿಯಾಗಿದೆ, ಆದರೂ ನಿಮ್ಮ ಅತ್ತೆಯವರ ಪರವಾಗಿ ಒಂದು ಮಾತು ಹೇಳಲೇಬೇಕು. ನನ್ನ ಮಗ ಒಮ್ಮೆ ಮೊಸರನ್ನದ ತಟ್ಟೆಯನ್ನು ತಲೆಯ ಮೇಲೆ ಕವುಚಿಕೊಂಡ. ಮನೆಗೆ ಬಂದಿದ್ದ ನೆಂಟರೆಲ್ಲ ಗೊಳ್ಳೆಂದು ನಕ್ಕರು. ಅವನು ಒಬ್ಬೊಬ್ಬರ ಮುಖವನ್ನೂ ನೋಡಿ, ಖುಷಿಪಟ್ಟು, ಖಾಲಿಯಾದ ತಟ್ಟೆಯನ್ನು ಮತ್ತೆ ತುಂಬಿಸಿ ಕೊಡಿ ಎಂದು ಚಾಚಿದ. ಆಮೇಲೆ ಬಹಳ ದಿನ ಮನೆಗೆ ಯಾರು ಬಂದರೂ ಅವನ ಕೈ ಮೊಸರನ್ನದ ತಟ್ಟೆಯ ಕಡೆಗೇ ಹೋಗುತ್ತಿತ್ತು. ಮೊದಲ ಸಲ ಅದು ಅವನ ಸ್ವಂತ ಯೋಚನೆ. ಆಮೇಲಿನದೆಲ್ಲ ನಾವು ನಕ್ಕಿದ್ದಕ್ಕೆ ಸಿಕ್ಕಿದ ಫಲ. ಕೈ ಹಿಡಿತ ಬಾರದೆ ಚೆಲ್ಲುವ ಮಗುವಿನೊಡನೆ ಧಾರಾಳವಾಗಿ ನಗಬಹುದು. ನಮ್ಮ ಮುಖ ನೋಡಿಕೊಂಡು ಚೆಲ್ಲುವ ಮಗುವಿನ ಎದುರು ನಗು ತಡೆದುಕೊಳ್ಳಬೇಕು, ತಡೆಯಲಾಗದಿದ್ದರೆ ಅಡುಗೆಮನೆಗೆ ಹೋಗಿ ನಕ್ಕು ಬರಬೇಕು. ಎರಡಕ್ಕೂ ಇರುವ ಗುರುತು ಸುಲಭ. ಮೊದಲನೆಯದರಲ್ಲಿ ಮಗುವಿನ ಕಣ್ಣು ಕೈಯ ಮೇಲಿರುತ್ತದೆ, ಎರಡನೆಯದರಲ್ಲಿ ನಮ್ಮ ಮೇಲಿರುತ್ತದೆ.

ಇನ್ನೊಂದು ವಿಷಯ: ಬಚ್ಚಲಿನಲ್ಲಿ ಮೈತುಂಬ ಕೆಸರು ಬಳಿದುಕೊಂಡು ನಿಂತ ಮಗುವಿನ ವಿಡಿಯೊವನ್ನು ವಾಟ್ಸ್‌ಆ್ಯಪ್ ಗುಂಪುಗಳಿಗೆ ಕಳಿಸುವುದನ್ನು ನಾನು ಖಂಡಿತವಾಗಿ ಒಪ್ಪುವುದಿಲ್ಲ. ಆ ನಗು ಮನೆಯೊಳಗಿನದು. ಹತ್ತು ವರ್ಷದ ಮೇಲೆ ಅದೇ ವಿಡಿಯೊ ಶಾಲೆಯ ಗೆಳೆಯರ ಕೈಗೆ ಸಿಕ್ಕಿದರೆ ಮಗುವಿಗೆ ಹೇಗನಿಸಬಹುದು ಎಂಬುದನ್ನು ಹಿರಿಯರಾದ ನಾವೇ ಯೋಚಿಸಬೇಕು.

ಉತ್ತರ: ಮೊಮ್ಮಕ್ಕಳ ಅಜ್ಜಿ, ಹೊಸನಗರ

ನನ್ನ ಮಕ್ಕಳೂ ಮೊಮ್ಮಕ್ಕಳೂ ಈ ಮಳೆ, ಈ ಕೆಮ್ಮಣ್ಣಿನಲ್ಲಿಯೇ ಬೆಳೆದವರು. ನಗು ಬರಬೇಕಾದರೆ ತಾಯಿಯ ಕೆಲಸ ಮೊದಲು ಹಗುರಾಗಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ನಗುವವರು ಇಬ್ಬರು, ಒಗೆಯುವವಳು ಒಬ್ಬಳು ಎಂದರೆ ಆ ಒಬ್ಬಳಿಗೆ ನಗು ಎಲ್ಲಿಂದ ಬರಬೇಕು? ನಕ್ಕವರೇ ಬಾಲ್ದಿ ಹಿಡಿಯಲಿ ಎಂಬ ನಿಯಮವನ್ನು ಮನೆಯಲ್ಲಿ ಮಾಡಿ. ನಿಮ್ಮ ಮಾವನವರು ತಮ್ಮ ಚಪ್ಪಲಿಯನ್ನು ತಾವೇ ತೊಳೆದುಕೊಳ್ಳಲಿ, ಮಗುವೂ ಪಕ್ಕದಲ್ಲಿ ಕೂತು ಒಂದನ್ನು ಉಜ್ಜಲಿ. ಆಗ ನೀವು ಜಗಲಿಯಲ್ಲಿ ಕುಳಿತು ನಗಬಹುದು.

ಒಗೆಯುವ ವಿಷಯಕ್ಕೆ ಬಂದರೆ, ಕೆಮ್ಮಣ್ಣು ಹತ್ತಿದ ಬಟ್ಟೆಯನ್ನು ಹಸಿಯಲ್ಲಿ ಉಜ್ಜಬೇಡಿ. ಉಜ್ಜಿದಷ್ಟೂ ಮಣ್ಣು ಎಳೆಯೊಳಗೆ ಇಳಿಯುತ್ತದೆ. ಬಚ್ಚಲ ಒಲೆಯ ಹತ್ತಿರ ಒಣಗಲು ಬಿಟ್ಟು, ಕೊಡವಿ, ಆಮೇಲೆ ನೆನೆಹಾಕಿ. ಹಲಸಿನ ಮೇಣ ಹತ್ತಿದ ಕೈಗೆ, ಕೂದಲಿಗೆ ನೀರು ತಾಗಿಸುವ ಮೊದಲೇ ಕೊಬ್ಬರಿ ಎಣ್ಣೆ ಹಚ್ಚಬೇಕು. ಮೇಣ ನೀರಿಗೆ ಜಗ್ಗುವುದಿಲ್ಲ, ಎಣ್ಣೆಗೆ ಬಿಡುತ್ತದೆ. ಅಡಿಕೆ ಬೇಯಿಸಿದ ಚೊಗರಿನ ಕಲೆಗೆ ಮಾತ್ರ ನನ್ನಲ್ಲಿ ಮದ್ದಿಲ್ಲ. ಸುಗ್ಗಿಯ ಕಾಲಕ್ಕೆಂದು ಎರಡು ಹಳೆಯ ಅಂಗಿಗಳನ್ನು ಎತ್ತಿಟ್ಟುಬಿಡಿ, ಅವು ಕೆಂಪಾಗಲು ಇರುವುದೇ ಎಂದುಕೊಂಡರೆ ಮನಸ್ಸಿಗೆ ಸುಖ. ಅರಿಸಿನದ ಕಲೆ ಬಿಸಿಲಿಗೆ ತಾನಾಗಿ ಮಾಸುತ್ತದೆ. ಮಳೆಗಾಲದಲ್ಲಿ ಬಿಸಿಲಿಗಾಗಿ ಕಾಯಬೇಕು. ಅರಿಸಿನದ ಹೆಸರೆತ್ತಿದ್ದರಿಂದ ಹೇಳುತ್ತೇನೆ. ನನ್ನ ಮೊಮ್ಮಗಳು ಅರಿಸಿನದ ಡಬ್ಬಿಯನ್ನು ಮೈಮೇಲೆ ಸುರಿದುಕೊಂಡಾಗ ಬಚ್ಚಲಿಗೆ ಕರೆದೊಯ್ದು ಸೋಪು ಹಚ್ಚಿದೆ. ಸೋಪು ತಾಗಿದ ಕೂಡಲೇ ಹಳದಿಯೆಲ್ಲ ಕೆಂಪಾಯಿತು. ಅರಿಸಿನಕ್ಕೆ ಸುಣ್ಣ ಬೆರೆಸಿ ಆರತಿಯ ಓಕುಳಿ ಮಾಡುವಾಗ ಆಗುವುದೂ ಇದೇ, ಸುಣ್ಣದಂತೆ ಸೋಪೂ ಕ್ಷಾರ. ಅವಳಿಗೆ ಆ ಲೆಕ್ಕ ಎಲ್ಲಿ ಗೊತ್ತು! ತನ್ನ ಹೊಟ್ಟೆಯನ್ನು ನೋಡಿಕೊಂಡು, "ಅಜ್ಜಿ, ನಾನು ಹಣ್ಣಾದೆ" ಎಂದಳು. ಆ ಮಾತಿಗೆ ಮನೆಯವರೆಲ್ಲ ನಕ್ಕಿದ್ದೇವೆ, ಅವಳೂ ನಕ್ಕಿದ್ದಾಳೆ, ಈಗಲೂ ಹಣ್ಣಾದ ಕಥೆ ಹೇಳು ಎಂದು ಅವಳೇ ಕೇಳುತ್ತಾಳೆ.

ನೀವು ಬರೆದಿಲ್ಲ, ಆದರೆ ಬೆಲ್ಲದ ಕೈ ಕಂಬಕ್ಕೆ ಹೋಗಿದೆ ಎಂದ ಮೇಲೆ ಇದ್ದಿಲು ಹಿಡಿದ ಕೈ ಗೋಡೆಗೆ ಹೋಗುವ ಕಾಲವೂ ದೂರವಿಲ್ಲ. ನಿಮ್ಮ ಸೀಮೆಯಲ್ಲಿ ದೀವರ ಮನೆಯ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚ ಹಿಡಿದು ಹಸೆ ಚಿತ್ತಾರ ಬರೆಯುತ್ತಾರೆ. ಭೂಮಿ ಹುಣ್ಣಿಮೆಗೆ, ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಬರೆಯುತ್ತಾರೆ. ಗೋಡೆಯ ಮೇಲೆ ಬರೆಯುವುದು ನಮ್ಮ ಕಡೆ ಗೌರವದ ಕೆಲಸ. ಹಿತ್ತಿಲ ಕಡೆಯ ಗೋಡೆಯಲ್ಲಿ ಅವಳ ಎತ್ತರಕ್ಕೆ ಒಂದು ಮೊಳ ಜಾಗ ಬಿಟ್ಟುಕೊಡಿ, ಉಳಿದ ಗೋಡೆ ಅವಳದಲ್ಲ ಎಂದು ಸ್ಪಷ್ಟವಾಗಿ ಹೇಳಿ. ನಮ್ಮ ಮನೆಯಲ್ಲಿ ಆ ಜಾಗದಲ್ಲಿ ಒಂದು ದುಂಡನೆಯ ಗೆರೆಗೆ ಕೆಳಗಿನಿಂದ ಆರು ಕಾಲು ಇಳಿಬಿಟ್ಟ ಚಿತ್ರವಿತ್ತು. ಇದು ಜೇಡವೇ ಎಂದು ಕೇಳಿದರೆ, "ಅಜ್ಜ, ಓಡ್ತಾ ಇದಾರೆ" ಎಂಬ ಉತ್ತರ ಬಂತು. ಓಡುವಾಗ ಕಾಲು ಹಾಗೆಯೇ ಕಾಣುತ್ತದೆ ಎಂದು ಅಜ್ಜನವರೇ ತೀರ್ಪು ಕೊಟ್ಟರು.

ನಗಬಾರದ ಕೆಲವು ಸಂಗತಿಗಳನ್ನೂ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಮನೆಗಳಲ್ಲಿ ಇವು ಕೈಗೆ ಸಿಗುವಂತೆಯೇ ಇರುತ್ತವೆ. ಕವಳದ ತಟ್ಟೆಯ ಸುಣ್ಣದ ಡಬ್ಬಿಯನ್ನು ಮಗುವಿನ ಕೈಗೆ ಎಟುಕದಂತೆ ಎತ್ತರದಲ್ಲಿಡಿ. ಸುಣ್ಣ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಬಿದ್ದರೆ ತಡಮಾಡದೆ ಧಾರಾಳವಾಗಿ ಶುದ್ಧ ನೀರಿನಿಂದ ಕಣ್ಣನ್ನು ತೊಳೆದು, ಹಾಗೆಯೇ ಆಸ್ಪತ್ರೆಗೆ ಓಡಬೇಕು. ಅಡಿಕೆಯ ಹೋಳು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಕೊಟ್ಟಿಗೆಗೆ ತಂದು ಹಾಕಿದ ದರಕಿನ ರಾಶಿಯಲ್ಲಿ ಮಗು ಹೊರಳಾಡುವುದು ನೋಡಲು ಚೆಂದ, ಆದರೆ ಕಾಡಿನಿಂದ ತಂದ ಒಣಗಿದ ಎಲೆಯಲ್ಲಿ ಉಣುಗು ಇರುತ್ತದೆ. ಉಣುಗು ಕಚ್ಚುವುದರಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾದದ್ದು ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಬಳಿಯಲ್ಲಿ. ಚಳಿಗಾಲದಿಂದ ಮಳೆ ಹಿಡಿಯುವವರೆಗೆ ಅದರ ಕಾಲ, ಆ ತಿಂಗಳುಗಳಲ್ಲಿ ದರಕಿನ ಆಟ ಬೇಡವೇ ಬೇಡ. ಕೆಸರು, ಹಿಟ್ಟು, ಬೆಲ್ಲ, ಇದ್ದಿಲು ಇವಕ್ಕೆಲ್ಲ ನಗಬಹುದು.

ಮರುನುಡಿ: ಹಸಿಮಣ್ಣು, ಸಾಗರ ತಾಲ್ಲೂಕು

ಎಲ್ಲರ ಉತ್ತರಗಳನ್ನೂ ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳಿದೆ. ಕಣ್ಣು ಕೈಯ ಮೇಲಿದೆಯೇ, ನಮ್ಮ ಮೇಲಿದೆಯೇ ಎಂಬ ಗುರುತು ಅತ್ತೆಯವರಿಗೆ ತುಂಬ ಹಿಡಿಸಿತು. ಈಗ ಮಾವನವರಿಗೆ ನಗಲು ಅಪ್ಪಣೆ ಯಾವಾಗ, ಇಲ್ಲದಿರುವುದು ಯಾವಾಗ ಎಂದು ಅವರೇ ಕಣ್ಸನ್ನೆಯಲ್ಲಿ ತಿಳಿಸುತ್ತಾರೆ. ಸುಣ್ಣದ ಡಬ್ಬಿ ಆ ಕ್ಷಣವೇ ನಾಗಂದಿಗೆಯ ಮೇಲಕ್ಕೆ ಹೋಯಿತು. ನಕ್ಕವರೇ ಬಾಲ್ದಿ ಹಿಡಿಯಬೇಕೆಂಬ ನಿಯಮಕ್ಕೆ ಗಂಡ ಒಪ್ಪಿದ್ದಾರೆ, ಒಪ್ಪಿದ ದಿನವೇ ಹಿಡಿದಿದ್ದಾರೆ.

ಮಗಳಿಗೆ ಒಂದು ಚಿಕ್ಕ ಬಾಲ್ದಿಯನ್ನೂ ಕೊಬ್ಬರಿ ಚಿಪ್ಪಿನ ಸೌಟನ್ನೂ ಕೊಟ್ಟು, ಗೌರಿಯ ಸಾಂಬಾರನ್ನು ಇದರಲ್ಲಿಯೇ ಮಾಡು ಎಂದೆ. ಗಂಭೀರವಾಗಿ ಒಪ್ಪಿಕೊಂಡಳು. ಬಾಳೆಸಿಪ್ಪೆ, ಸೌತೆಸಿಪ್ಪೆ ಹಾಕಿ ತಿರುವಿ, ಗೌರಿಯ ಮುಂದೆ ಇಟ್ಟಳು. ಹಸು ಎರಡೇ ಬಾಯಿಗೆ ಎಲ್ಲವನ್ನೂ ಮುಗಿಸಿ ಬಾಲ್ದಿಯನ್ನು ಮೂಗಿನಿಂದ ದೂಡಿಬಿಟ್ಟಿತು. ಮಗಳು ಸೊಂಟದ ಮೇಲೆ ಕೈಯಿಟ್ಟುಕೊಂಡು, ನಾನು ಅವಳಿಗೆ ಹೇಳುವ ಧಾಟಿಯಲ್ಲಿಯೇ, "ಗೌರಿ, ಚೆಲ್ಲಬಾರದು, ಯಾರು ಒರೆಸುವುದು?" ಎಂದು ಕೇಳಿದಳು. ನಾನು ಅಲ್ಲಿಯೇ, ಸಗಣಿಯ ಪಕ್ಕದಲ್ಲಿಯೇ ಕುಳಿತು ನಕ್ಕೆ. ಮುಖವನ್ನು ನೋಡಿ ಎಂದು ಅಕ್ಕನವರು ಬರೆದದ್ದು ಏಕೆಂದು ಆಗ ಚೆನ್ನಾಗಿ ಅರ್ಥವಾಯಿತು.

ಎರಡು ಸಂದೇಹ ಉಳಿದಿವೆ. ಒಮ್ಮೊಮ್ಮೆ ಅಂಗಳದ ಮಣ್ಣನ್ನು ಬಾಯಿಗೂ ಹಾಕುತ್ತಾಳೆ, ಅದಕ್ಕೆ ಹೆದರಬೇಕೇ? ಮತ್ತೆ, ಸೆರಗಿನ ಅಭ್ಯಾಸವನ್ನು ಬಿಡಿಸುವುದು ಹೇಗೆ?

ಉತ್ತರ: ಅಂಗನವಾಡಿ ಅಕ್ಕ, ತೀರ್ಥಹಳ್ಳಿ ಕಡೆ

ರುಚಿ ನೋಡಲೆಂದು ಎಂದೋ ಒಮ್ಮೆ ನಾಲಿಗೆಗೆ ತಾಗಿಸಿದರೆ ಹೆದರಬೇಡಿ. ತೆಗೆದು, ಬಾಯಿ ಮುಕ್ಕಳಿಸಿ ಬಿಡಿ. ಹುಡುಕಿಕೊಂಡು ಹೋಗಿ ಮಣ್ಣು ತಿನ್ನುವುದು ತಿಂಗಳಾದರೂ ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿ, ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆಯಿರುವ ಮಕ್ಕಳಲ್ಲಿ ಹಾಗಾಗುವುದುಂಟು. ಮಣ್ಣಿನಿಂದ ಜಂತುಹುಳು ಬರುವ ಸಾಧ್ಯತೆಯೂ ಇದೆ. 2015ರಿಂದ ನಡೆಯುತ್ತಿರುವ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು 1ರಿಂದ 19 ವರ್ಷದವರಿಗೆ ಅಂಗನವಾಡಿ ಮತ್ತು ಶಾಲೆಗಳಲ್ಲಿ ಅಲ್ಬೆಂಡಜೋಲ್ ಮಾತ್ರೆಯನ್ನು ಉಚಿತವಾಗಿ ಕೊಡುತ್ತಾರೆ; ಆ ದಿನ ಮಗಳನ್ನು ತಪ್ಪದೆ ಕರೆದುಕೊಂಡು ಹೋಗಿ.

ಸೆರಗಿಗೆ ಬದಲಾಗಿ ನಿಮ್ಮ ಹಳೆಯ ಹತ್ತಿ ಸೀರೆಯ ತುಂಡೊಂದನ್ನು ಅವಳ ಅಂಗಿಯ ಅಂಚಿಗೆ ಹೊಲಿದುಬಿಡಿ. ಪಿನ್ನು ಬೇಡ, ಚುಚ್ಚೀತು. ಮಡಚಿ ತಟ್ಟುವ ಕೆಲಸವನ್ನು ಅವಳು ಅದರ ಮೇಲೆಯೇ ಮಾಡಿಕೊಳ್ಳಲಿ. ಮೂಗು ಸೀಟುವುದನ್ನು ಆಟವಾಗಿ ಕಲಿಸಬಹುದು. ತೆಳ್ಳಗಿನ ಕಾಗದದ ಪಟ್ಟಿಯೊಂದನ್ನು ಮೂಗಿನ ಮುಂದೆ ಹಿಡಿದು, ಬಾಯಿ ಮುಚ್ಚಿಕೊಂಡು ಮೂಗಿನ ಗಾಳಿಯಿಂದಲೇ ಅದನ್ನು ಅಲುಗಾಡಿಸು ಎನ್ನಿ. ಈ ಆಟಕ್ಕೆ ಶೀತವಿಲ್ಲದ ದಿನವೇ ಒಳ್ಳೆಯದು, ಏಕೆಂದರೆ ಹಿಡಿದವರ ಮುಖ ತೀರಾ ಹತ್ತಿರದಲ್ಲಿರುತ್ತದೆ.